ನೆರೆ ಇಳಿದ ಮೇಲೆ ಓಣಿಯವರು ಕೂಡಿ ಮಾಡಬೇಕಾದ ಕೆಲಸ

2009ರ ಸೆಪ್ಟೆಂಬರ್ ಕೊನೆಯ ಮಳೆಗೆ ಒಮ್ಮೆ, 2019ರ ಆಗಸ್ಟ್‌ನಲ್ಲಿ ಮತ್ತೊಮ್ಮೆ, ಹೀಗೆ ಹತ್ತು ವರ್ಷದೊಳಗೆ ಎರಡು ಸಲ ಮಲಪ್ರಭಾ, ಘಟಪ್ರಭಾ, ಕೃಷ್ಣಾ ನದಿಗಳ ದಂಡೆಯ ಎಷ್ಟೋ ಊರುಗಳು ಮುಳುಗಿದವು. ನೀರು ಏರುವ ದಿನಗಳಲ್ಲಿ ದೋಣಿಗಳು ಬರುತ್ತವೆ, ಸೇನೆಯವರು ಬರುತ್ತಾರೆ, ಶಾಲೆಯ ಕಟ್ಟಡದಲ್ಲಿ ಪರಿಹಾರ ಕೇಂದ್ರ ತೆರೆಯುತ್ತದೆ. ನೀರು ಇಳಿದು, ಬಂದವರೆಲ್ಲ ಹಿಂತಿರುಗಿ, ಮೊಣಕಾಲುದ್ದದ ರಾಡಿ ತುಂಬಿದ ಮನೆಯ ಮುಂದೆ ಸಂಸಾರವೊಂದು ಮಾತಿಲ್ಲದೆ ನಿಂತಾಗ ಅದರ ಜೊತೆ ನಿಲ್ಲುವವರು ಅಕ್ಕಪಕ್ಕದ ಮನೆಯವರು ಮಾತ್ರ. ಅವರ ಮನೆಯೂ ಮುಳುಗಿರುತ್ತದೆ. ಎಲ್ಲರೂ ಕಳೆದುಕೊಂಡಿರುವಾಗ ಯಾರು ಯಾರಿಗೆ ಹೇಗೆ ನೆರವಾಗಬೇಕು ಎಂಬುದನ್ನು ವಿವರಿಸುವುದೇ ಈ ಬರಹದ ಉದ್ದೇಶ.

ಇದಕ್ಕೆ ಹೊಸ ಪದ್ಧತಿಯನ್ನು ಹುಡುಕಬೇಕಾಗಿಲ್ಲ. ಇಂದು ನಾನು ನಿಮ್ಮ ಹೊಲದ ಕಳೆಗೆ ಬಂದರೆ ನಾಳೆ ನೀವು ನಮ್ಮ ಹೊಲದ ರಾಶಿಗೆ ಬರುವ ಮುಯ್ಯಾಳಿನ ಪದ್ಧತಿ ನಮ್ಮ ಊರುಗಳಲ್ಲಿ ಬಹಳ ಹಿಂದಿನಿಂದಲೂ ಇದೆ. ಅದನ್ನೇ ಹೊಲದಿಂದ ಮನೆಗೆ ತರಬೇಕು: ಎಂಟು ಹತ್ತು ಮನೆಗಳು ಒಂದು ಗುಂಪಾಗಿ, ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಒಂಟಿಯಾಗಿ ಸಲಿಕೆ ಹಿಡಿಯುವ ಬದಲು ಎಲ್ಲರೂ ಕೂಡಿ ಒಂದೊಂದೇ ಮನೆಯನ್ನು ಮುಗಿಸುತ್ತ ಹೋಗಬೇಕು.

ಒಳಗೆ ಕಾಲಿಡುವ ಮುನ್ನ

ಈ ಭಾಗದ ಹಳೆಯ ಮನೆಗಳದು ಕಲ್ಲು ಮಣ್ಣಿನ ದಪ್ಪ ಗೋಡೆ. ಅದರ ಮೇಲೆ ಕಂಬ, ತೊಲೆ, ಜಂತಿಗಳ ಆಸರೆಯಲ್ಲಿ ಹರಡಿದ ಮಣ್ಣಿನ ಮಾಳಿಗೆ. ನೀರು ನಿಂತಿರುವಾಗ ಗೋಡೆಗೆ ಎರಡೂ ಕಡೆಯಿಂದ ಒತ್ತಾಸೆ ಸಿಗುತ್ತದೆ. ನೀರು ಇಳಿದಾಗ ಆ ಒತ್ತಾಸೆ ತಪ್ಪಿ, ಒಳಗೆ ನೆನೆದ ಮಣ್ಣು ಮಾಳಿಗೆಯ ಭಾರವನ್ನು ಹೊರಲಾರದೆ ಕುಸಿಯುತ್ತದೆ. ಆದ್ದರಿಂದಲೇ ಅನೇಕ ಗೋಡೆಗಳು ಬೀಳುವುದು ನೆರೆಯ ದಿನವಲ್ಲ, ಅದಾದ ಮೂರನೆಯ ದಿನವೋ ಐದನೆಯ ದಿನವೋ, ಬಿಸಿಲು ಬಿದ್ದ ಮೇಲೆ. ಮನೆಯವರಿಗೆ ಒಳಗಿನ ಪೆಟ್ಟಿಗೆ, ಕಾಗದ, ದೇವರ ಜಗಲಿ ನೋಡುವ ಆತುರ ಇರುತ್ತದೆ. ಅವರನ್ನು ತಡೆದು ನಿಲ್ಲಿಸುವುದು ನೆರೆಮನೆಯವರ ಮೊದಲ ಕೆಲಸ.

ಊರಿನ ಅನುಭವಿ ಗೌಂಡಿಯೊಬ್ಬರನ್ನು ಕರೆದುಕೊಂಡು ಮೊದಲು ಮನೆಯ ಸುತ್ತ ಹೊರಗಿನಿಂದಲೇ ನೋಡಬೇಕು. ಗೋಡೆ ಹೊಟ್ಟೆ ಬಂದಂತೆ ಉಬ್ಬಿದ್ದರೆ, ಮೂಲೆಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಬಿರುಕು ಬಿಟ್ಟಿದ್ದರೆ, ತೊಲೆಯ ತುದಿ ಗೋಡೆಯಿಂದ ಜಾರಿದ್ದರೆ, ಮಾಳಿಗೆಯಿಂದ ಮಣ್ಣು ಉದುರುತ್ತಿದ್ದರೆ ಒಳಗೆ ಹೋಗಲೇಬಾರದು. ಹೋಗಬಹುದು ಎಂದು ಗೌಂಡಿ ಹೇಳಿದ ಮನೆಗೂ ತೊಲೆಯ ಕೆಳಗೆ ಗಟ್ಟಿ ಮರದ ಆನಿಕೆ ಕೊಟ್ಟ ನಂತರವೇ ಇಬ್ಬರು ಒಳಗೆ ಹೋಗಿ, ಒಬ್ಬರು ಕಣ್ಣಳತೆಯಲ್ಲಿ ಹೊರಗೆ ನಿಲ್ಲಬೇಕು.

ವಿದ್ಯುತ್ ವಿಷಯದಲ್ಲಿ ಧೈರ್ಯ ತೋರಿಸಬಾರದು. ಊರಿನ ಲೈನ್‌ಮನ್ ಬಂದು ಸರಬರಾಜು ನಿಂತಿದೆಯೆಂದು ಖಚಿತಪಡಿಸುವವರೆಗೆ ನೀರು ನಿಂತ ಮನೆಯ ಮೀಟರ್ ಬೋರ್ಡನ್ನು ಯಾರೂ ಮುಟ್ಟಬಾರದು. ದೂರಿಗೆ 1912ಕ್ಕೆ ಕರೆ ಮಾಡಬಹುದು. ನೆನೆದ ಪಂಪ್‌ಸೆಟ್, ಗಿರಣಿ, ಮಿಕ್ಸರ್‌ಗಳನ್ನು ಬಿಚ್ಚಿ ಒಣಗಿಸಿ ಪರೀಕ್ಷಿಸದೆ ಚಾಲೂ ಮಾಡಿದರೆ ಮೋಟಾರು ಸುಟ್ಟುಹೋಗುತ್ತದೆ, ಕೆಲವೊಮ್ಮೆ ಜೀವವೂ ಹೋಗುತ್ತದೆ. ನೀರಿನಲ್ಲಿ ತೇಲಿದ ಗ್ಯಾಸ್ ಸಿಲಿಂಡರನ್ನು ಏಜೆನ್ಸಿಯವರಿಗೆ ತೋರಿಸಿದ ಮೇಲೆಯೇ ಒಲೆಗೆ ಜೋಡಿಸಬೇಕು.

ನೆರೆಯಲ್ಲಿ ಹಾವುಗಳಿಗೂ ನೆಲೆ ತಪ್ಪಿರುತ್ತದೆ. ನಾಗರಹಾವು, ಕೊಳಕುಮಂಡಲ, ಕಟ್ಟುಹಾವುಗಳು ಒಣ ಜಾಗ ಹುಡುಕುತ್ತ ಕಟ್ಟಿಗೆಯ ಒಟ್ಟಿಲು, ಹಾಸಿಗೆಯ ಸುರುಳಿ, ಅಟ್ಟ, ಬುಟ್ಟಿಗಳನ್ನು ಸೇರಿಕೊಳ್ಳುತ್ತವೆ. ಯಾವ ವಸ್ತುವನ್ನೂ ಕೈಯಿಂದ ಎತ್ತುವ ಮುನ್ನ ಉದ್ದನೆಯ ಕೋಲಿನಿಂದ ಅಲುಗಾಡಿಸಬೇಕು. ಕಚ್ಚಿದರೆ ಗಾಯವನ್ನು ಕೊಯ್ಯುವುದು, ಹಗ್ಗ ಬಿಗಿಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ, 108ಕ್ಕೆ ಕರೆ ಮಾಡಿ ವಿಷಕ್ಕೆ ಪ್ರತಿಮದ್ದು ಇರುವ ಆಸ್ಪತ್ರೆಗೆ ಸಾಗಿಸಬೇಕು.

ಗುಡಿಸುವ ಮೊದಲು ದಾಖಲಿಸಿ

ಜನ ಹೆಚ್ಚು ಎಡವುವುದು ಇಲ್ಲಿಯೇ. ಮನೆ ಹೊಲಸಾಗಿರುವುದನ್ನು ನೋಡಲಾಗದೆ ಮೊದಲು ಗುಡಿಸಿ ಸಾರಿಸಿ, ಬಿದ್ದ ಗೋಡೆಯ ಮಣ್ಣನ್ನು ಹೊರಹಾಕಿ, ಆಮೇಲೆ ಸಮೀಕ್ಷೆಗೆ ಬಂದವರಿಗೆ ತೋರಿಸಲು ಏನೂ ಉಳಿಯದಂತೆ ಮಾಡಿಕೊಳ್ಳುತ್ತಾರೆ. ಓಣಿಯಲ್ಲಿ ಒಳ್ಳೆಯ ಫೋನ್ ಇರುವ ಒಬ್ಬ ಯುವಕ ಅಥವಾ ಯುವತಿಗೆ ಈ ಕೆಲಸವನ್ನು ಒಪ್ಪಿಸಿ, ಪ್ರತಿ ಮನೆಯ ನಾಲ್ಕೂ ದಿಕ್ಕು, ಗೋಡೆಯ ಮೇಲೆ ನೀರು ನಿಂತ ಗುರುತು, ಬಿದ್ದ ಭಾಗ, ಹಾಳಾದ ಕಾಳು, ಸತ್ತ ದನ ಎಲ್ಲದರ ಚಿತ್ರಗಳನ್ನು ಮನೆಯವರು ಚಿತ್ರದಲ್ಲಿ ಕಾಣುವಂತೆ ತೆಗೆಸಬೇಕು. ಚಿತ್ರಗಳು ಒಂದೇ ಫೋನಿನಲ್ಲಿ ಉಳಿಯಬಾರದು.

ಮನೆ ಹಾನಿಯನ್ನು ಶೇಕಡಾ 75ಕ್ಕಿಂತ ಹೆಚ್ಚಾಗಿದ್ದರೆ ಎ, 25ರಿಂದ 75ರವರೆಗೆ ಬಿ, 15ರಿಂದ 25ರವರೆಗೆ ಸಿ ಎಂದು ವರ್ಗೀಕರಿಸುವ ಪದ್ಧತಿಯನ್ನು 2019ರಲ್ಲಿ ಅನುಸರಿಸಲಾಯಿತು; ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಯನ್ನು ರಾಜ್ಯ ಸರ್ಕಾರ ಘೋಷಿಸಿತು. ಯಾವ ಅಕ್ಷರ ಬರೆಯುತ್ತಾರೆ ಎಂಬುದರ ಮೇಲೆ ಒಂದು ಸಂಸಾರದ ಮುಂದಿನ ಹತ್ತು ವರ್ಷಗಳು ನಿಂತಿರುತ್ತವೆ. ಹೀಗಾಗಿ ಗ್ರಾಮ ಆಡಳಿತ ಅಧಿಕಾರಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಎಂಜಿನಿಯರ್ ಸಮೀಕ್ಷೆಗೆ ಬಂದಾಗ ಮನೆಯವರ ಪಕ್ಕದಲ್ಲಿ ಓದುಬರಹ ಬಲ್ಲ ನೆರೆಯವರೊಬ್ಬರು ನಿಂತು, ಪಂಚನಾಮೆಯಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದ ನಂತರವೇ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಿಸಬೇಕು. ಒಂದೇ ಮನೆಯ ನಂಬರಿನಲ್ಲಿ ಮೂವರು ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿಕೊಂಡಿದ್ದರೆ ಅದನ್ನು ಆಗಲೇ ಹೇಳಿ ಬರೆಸಬೇಕು, ರೇಷನ್ ಕಾರ್ಡುಗಳನ್ನು ತೋರಿಸಬೇಕು. ಹಕ್ಕುಪತ್ರವಿಲ್ಲದ ಮನೆಯವರು, ಬಾಡಿಗೆಗೆ ಇದ್ದವರು, ದುಡಿಯಲು ಹೊರಗೆ ಹೋಗಿ ಸಮೀಕ್ಷೆಯ ದಿನ ಊರಲ್ಲಿಲ್ಲದವರು ಪಟ್ಟಿಯಿಂದ ಬಿಟ್ಟುಹೋಗುವ ಸಂಭವ ಹೆಚ್ಚು. ಅವರು ಅಲ್ಲಿ ವಾಸವಿದ್ದರೆಂದು ಸಾಕ್ಷಿ ನುಡಿಯಬಲ್ಲವರು ಅಕ್ಕಪಕ್ಕದವರೇ ಆದ್ದರಿಂದ, ಕರೆಯುವವರೆಗೆ ಕಾಯದೆ ತಾವಾಗಿಯೇ ಮುಂದೆ ಬಂದು ಹೇಳಬೇಕು.

ದನಕರು ಸತ್ತಿದ್ದರೆ ಹೂಳುವ ಮೊದಲು ಪಶುವೈದ್ಯರಿಂದ ದೃಢೀಕರಣ ಪಡೆಯಬೇಕು. ರಾಜ್ಯ ವಿಪತ್ತು ಪರಿಹಾರ ನಿಧಿಗೆ 2022ರಿಂದ 2026ರ ಅವಧಿಗೆ ನಿಗದಿಯಾದ ಮಾನದಂಡದಂತೆ ಹಾಲು ಕೊಡುವ ಎಮ್ಮೆ ಅಥವಾ ಹಸುವಿಗೆ 37,500 ರೂಪಾಯಿ, ಉಳುಮೆಯ ಎತ್ತಿಗೆ 32,000 ರೂಪಾಯಿ ಇತ್ತು. ಬೆಳೆಗೆ ಪರಿಹಾರ ಸಿಗಬೇಕಾದರೆ ಹಾನಿ ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಫಸಲ್ ಬಿಮಾ, ಅಂದರೆ ಬೆಳೆ ವಿಮೆ, ಮಾಡಿಸಿದವರು ಹೊಲ ಮುಳುಗಿದ ಸಂಗತಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ನೆರೆಯ ಗದ್ದಲದಲ್ಲಿ ಈ ಗಡುವು ಬಹಳ ಸುಲಭವಾಗಿ ತಪ್ಪಿಹೋಗುತ್ತದೆ. ಓಣಿಯ ಒಬ್ಬರು ಎಲ್ಲರ ಪರವಾಗಿ ಅದನ್ನು ನೆನಪಿಟ್ಟುಕೊಂಡು ಪ್ರತಿಯೊಬ್ಬರಿಂದಲೂ ಕರೆ ಮಾಡಿಸಲಿ.

ನೆನೆದ ಪಹಣಿ, ಮಕ್ಕಳ ಅಂಕಪಟ್ಟಿ, ಪಾಸ್‌ಬುಕ್‌ಗಳನ್ನು ಬಿಸಿಲಿಗೆ ಹಾಕಬಾರದು, ಅಂಟಿಕೊಂಡ ಹಾಳೆಗಳನ್ನು ಎಳೆದು ಬಿಡಿಸಬಾರದು. ಬಿಳಿ ಕಾಗದದ ನಡುವೆ ಇಟ್ಟು ನೆರಳು ಗಾಳಿಯಲ್ಲಿ ಒಣಗಿಸಿದರೆ ಬಹಳಷ್ಟು ಉಳಿಯುತ್ತವೆ.

ಯಾರ ಮನೆ ಮೊದಲು

ಮುಯ್ಯಾಳಿನಲ್ಲಿ ಸಾಮಾನ್ಯವಾಗಿ ಯಾರ ಮನೆಯಿಂದ ಹೆಚ್ಚು ಆಳು ಬರುತ್ತಾರೋ ಅವರ ಕೆಲಸ ಮೊದಲಾಗುತ್ತದೆ. ನೆರೆಯ ನಂತರ ಇದನ್ನು ತಿರುವಿ ಹಾಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಒಂಟಿಯಾಗಿರುವ ಅಜ್ಜಿ, ಬಾಣಂತಿ ಇರುವ ಮನೆ, ಅಂಗವಿಕಲರು, ನೆರೆಯಲ್ಲಿ ಒಬ್ಬರನ್ನು ಕಳೆದುಕೊಂಡ ಮನೆ: ತಿರುಗಿ ಮುಯ್ಯಿ ತೀರಿಸಲು ಕೈಗಳಿಲ್ಲದ ಇಂಥ ಮನೆಗಳಿಂದಲೇ ಆರಂಭಿಸಬೇಕು. ಅವರು ಕೇಳುವುದಿಲ್ಲ, ಕೇಳಲು ಸಂಕೋಚಪಡುತ್ತಾರೆ. ಅವರ ಪಾಳಿ ಕೊನೆಗೆ ಬಂದರೆ ಅಷ್ಟರಲ್ಲಿ ಎಲ್ಲರೂ ದಣಿದು ಕೂಲಿಗೆ ಹೊರಟಿರುತ್ತಾರೆ. ಹಾಗೆಯೇ ಊರ ನಡುವಿನ ಓಣಿಗಳು ಮುಗಿದ ಮೇಲೆ ಅಂಚಿನ ಕೇರಿಗೆ ಹೋಗೋಣ ಎಂಬ ಮಾತನ್ನು ಒಪ್ಪಬಾರದು. ತಗ್ಗಿನಲ್ಲಿರುವ ಕೇರಿಗೆ ನೀರು ಮೊದಲು ನುಗ್ಗಿ ಕೊನೆಗೆ ಇಳಿದಿರುತ್ತದೆ, ಅಲ್ಲಿಯ ರಾಡಿಯೂ ಹೆಚ್ಚು. ಗುಂಪುಗಳನ್ನು ಜಾತಿ ನೋಡಿ ಮಾಡದೆ ಮನೆಗಳ ಸಾಲು ನೋಡಿ ಮಾಡಿದರೆ ಈ ತೊಡಕು ಅರ್ಧ ಕಡಿಮೆಯಾಗುತ್ತದೆ.

ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಪುಟದಂತೆ ಯಾರ ಮನೆಯಲ್ಲಿ ಕೆಲಸ ನಡೆಯಿತು, ಯಾರು ಬಂದರು, ಯಾರ ಟ್ರ್ಯಾಕ್ಟರ್ ಎಷ್ಟು ಖೇಪು ಹೊಡೆಯಿತು, ಡೀಸೆಲ್‌ಗೆ ಯಾರು ಹಣ ಕೊಟ್ಟರು ಎಂದು ಬರೆದಿಡಬೇಕು. ಬಾಯಿಮಾತಿನ ಲೆಕ್ಕ ಎರಡು ವಾರದ ಮೇಲೆ ಜಗಳಕ್ಕೆ ತಿರುಗುತ್ತದೆ. ಅಡುಗೆ ಮಾಡಿ ಹಾಕುವವರ, ಮಕ್ಕಳನ್ನು ನೋಡಿಕೊಳ್ಳುವವರ ದಿನವನ್ನೂ ಸಲಿಕೆ ಹಿಡಿದವರ ದಿನದಷ್ಟೇ ಪೂರ್ತಿ ಆಳಾಗಿ ಬರೆಯಬೇಕು.

ರಾಡಿ ಹಸಿಯಾಗಿರುವಾಗಲೇ ತೆಗೆಯಬೇಕು. ಎರೆಮಣ್ಣಿನ ರಾಡಿ ಒಣಗಿದರೆ ಗುದ್ದಲಿಗೂ ಬಗ್ಗುವುದಿಲ್ಲ. ಮೇಲಿನ ಸಾಮಾನು ಮೊದಲು ಹೊರಗೆ, ಆಮೇಲೆ ಒಳಕೋಣೆಯಿಂದ ಬಾಗಿಲಿನ ಕಡೆಗೆ ರಾಡಿ, ಕೊನೆಗೆ ನೀರು. ಗಟಾರಕ್ಕೆ ತಳ್ಳಿದರೆ ಮುಂದಿನ ಮಳೆಗೆ ಅದೇ ರಾಡಿ ಪಕ್ಕದ ಮನೆಗೆ ಹೋಗುತ್ತದೆ. ಬುಟ್ಟಿ ಸಾಲಿನಲ್ಲಿ ಕೈಯಿಂದ ಕೈಗೆ ದಾಟಿಸಿ ಟ್ರ್ಯಾಕ್ಟರ್ ತುಂಬಬೇಕು. ಮಣ್ಣಿನ ಗೋಡೆಗೆ ಪೈಪಿನಿಂದ ಜೋರಾಗಿ ನೀರು ಬಿಡಬಾರದು. ನೆಲವನ್ನು ಬ್ಲೀಚಿಂಗ್ ಪುಡಿ ಕಲಸಿದ ನೀರಿನಿಂದ ತೊಳೆಯುವಾಗ ಶೌಚಾಲಯ ತೊಳೆಯುವ ಆಸಿಡ್ ಜೊತೆ ಅದನ್ನು ಎಂದಿಗೂ ಬೆರೆಸಬಾರದು, ವಿಷದ ಗಾಳಿ ಏಳುತ್ತದೆ. ಇಲಿಗಳ ಮೂತ್ರ ಬೆರೆತ ಕೆಸರಿನಿಂದ ಇಲಿಜ್ವರ ಬರುವುದರಿಂದ ಕಾಲಿಗೆ ಗಮ್‌ಬೂಟು, ಕೈಗೆ ಗವಸು ಬೇಕು, ಗಾಯವಿದ್ದವರು ಕೆಸರಿಗಿಳಿಯಬಾರದು. ಇಲಿಜ್ವರ ತಡೆಯುವ ಮಾತ್ರೆ ಮತ್ತು ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲ ದಿನವೇ ವಿಚಾರಿಸಬೇಕು.

ಬಾವಿ, ಕಾಳು, ಕೊಟ್ಟಿಗೆ

ನೆರೆನೀರು ನುಗ್ಗಿದ ಬಾವಿಯ ನೀರನ್ನು ಪಂಪಿನಿಂದ ಪೂರ್ತಿ ಎತ್ತಿ ಹಾಕಿ, ಊಟೆ ಬಂದ ಹೊಸ ನೀರನ್ನು ಶುದ್ಧಗೊಳಿಸಬೇಕು. ಬಾವಿಯ ವ್ಯಾಸವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ನೀರು ಎಷ್ಟು ಲೀಟರ್ ಇದೆಯೆಂದು ತಿಳಿಯುತ್ತದೆ, ಅಳತೆ ಮೀಟರಿನಲ್ಲಿರಬೇಕು. ಎರಡು ಮೀಟರ್ ಅಗಲದ ಬಾವಿಯಲ್ಲಿ ಐದು ಮೀಟರ್ ನೀರಿದ್ದರೆ 15,700 ಲೀಟರ್. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಎಂಬ ಲೆಕ್ಕದಲ್ಲಿ ಸುಮಾರು 40 ಗ್ರಾಂ ಬೇಕಾಗುತ್ತದೆ. ಕಲಕಿದ ನೀರಿಗೆ ಇಷ್ಟು ಸಾಲದು, ಆಗ ಆರೋಗ್ಯ ಸಿಬ್ಬಂದಿ ನೀರನ್ನು ಪರೀಕ್ಷಿಸಿ ಹೇಳಿದ ಪ್ರಮಾಣವನ್ನೇ ಹಾಕಬೇಕು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿನೀರನ್ನಷ್ಟೇ ಬಾವಿಗೆ ಇಳಿಬಿಟ್ಟು ಕಲಕಿ, ಕನಿಷ್ಠ ಒಂದು ಗಂಟೆ ಯಾರೂ ಸೇದಬಾರದು. ಆದರೂ ಕುಡಿಯುವ ನೀರನ್ನು ಕುದಿಸಿಯೇ ಕುಡಿಯಬೇಕು. ಯಾರಿಗಾದರೂ ಭೇದಿ ಆರಂಭವಾಗಿ ಒಆರ್‌ಎಸ್ ಪೊಟ್ಟಣ ಸಿಗದಿದ್ದರೆ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮ ಮಟ್ಟದ ಆರು ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕುಡಿಸುತ್ತ ಆಸ್ಪತ್ರೆಗೆ ಒಯ್ಯಬೇಕು.

ಕಾಳು ತುಂಬಿಡುವ ನೆಲದೊಳಗಿನ ಹಗೇವಿನಲ್ಲಿ, ಚೀಲದಲ್ಲಿ ನೆನೆದ ಜೋಳವನ್ನು ಎಸೆಯಲು ರೈತರ ಮನಸ್ಸು ಒಪ್ಪುವುದಿಲ್ಲ. ಆದರೂ ಹೊಲಸು ನೀರು ಕುಡಿದು ಬೂಷ್ಟು ಹಿಡಿದ ಕಾಳನ್ನು ಜನರೂ ತಿನ್ನಬಾರದು, ದನಕ್ಕೂ ಹಾಕಬಾರದು. ಹೊಲದಲ್ಲಿ ನೆಲಕಚ್ಚಿದ ಜೋಳದಿಂದ ಒಡೆಯುವ ಎಳೆಯ ಕುಳೆಯಲ್ಲಿ ಸಯನೈಡ್ ವಿಷ ಇರುತ್ತದೆ. ಮೇವಿಲ್ಲದೆ ಹಸಿದ ದನಗಳನ್ನು ಅಂಥ ಹೊಲಕ್ಕೆ ಬಿಟ್ಟರೆ ನೆರೆಯಲ್ಲಿ ಉಳಿದವನ್ನೂ ಕಳೆದುಕೊಳ್ಳಬೇಕಾಗುತ್ತದೆ. ಮುಳುಗದ ಊರಿನ ಬೀಗರಿಗೆ, ಗೆಳೆಯರಿಗೆ ಹೇಳಿ ಒಣ ಮೇವು ತರಿಸಿ ಓಣಿಯ ದನಗಳಿಗೆಲ್ಲ ತಲೆಲೆಕ್ಕದಲ್ಲಿ ಹಂಚುವುದು ಉತ್ತಮ. ಸತ್ತ ಪ್ರಾಣಿಗಳನ್ನು ಬಾವಿ ಹಳ್ಳಗಳಿಂದ ದೂರ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ಹೊರಗಿನಿಂದ ಬರುವ ನೆರವು

ಸಹಾಯದ ಲಾರಿಗಳು ಡಾಂಬರು ರಸ್ತೆಯ ಮೇಲಿನ ಊರಿನಲ್ಲಿಯೇ ಖಾಲಿಯಾಗುವುದುಂಟು. ಊರಿನ ನಾಲ್ಕು ಜನ ಒಂದೇ ಕಡೆ ಸಾಮಾನು ಇಳಿಸಿಕೊಂಡು, ಮನೆಗಳ ಪಟ್ಟಿ ಹಿಡಿದು, ಮನೆ ಬಾಗಿಲಿಗೆ ಒಯ್ದು ಹಂಚಿದರೆ ನೂಕುನುಗ್ಗಲು ಇರುವುದಿಲ್ಲ, ಸಾಲಿನಲ್ಲಿ ಕೈಚಾಚಿ ನಿಲ್ಲುವ ಸಂಕಟವೂ ತಪ್ಪುತ್ತದೆ. ನೆರವು ಕಳುಹಿಸಲು ಬಯಸುವ ನೆಂಟರಿಗೆ ಬೇಕಾದದ್ದನ್ನು ಸ್ಪಷ್ಟವಾಗಿ ಹೇಳಬೇಕು: ವಾರಗಟ್ಟಲೆ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿ, ತಾಡಪಾಲು, ಸಲಿಕೆ, ಟಾರ್ಚು, ಒಳ ಉಡುಪು, ಸ್ಯಾನಿಟರಿ ಪ್ಯಾಡು, ಶಾಲೆಯ ಪಾಟಿಚೀಲ. ಬೇಡವೆಂದರೂ ರಾಶಿಯಾಗಿ ಬರುವ ಹಳೆಯ ಸೀರೆಗಳನ್ನು ಬೀದಿಗೆ ಎಸೆಯುವ ಬದಲು, ಮಧ್ಯಾಹ್ನದ ಹೊತ್ತು ಹೆಣ್ಣುಮಕ್ಕಳು ಒಂದು ಪಡಸಾಲೆಯಲ್ಲಿ ಕುಳಿತು ಕೌದಿ ಹೊಲಿಯಬಹುದು. ಹಾಸಿಗೆಯೆಲ್ಲ ನೀರಲ್ಲಿ ಕೊಚ್ಚಿಹೋದ ಮನೆಗೆ ಕೌದಿ ಬೇಕೇ ಬೇಕು. ಅಲ್ಲದೆ ಹೀಗೆ ಹೊಲಿಯುತ್ತ ಕುಳಿತಾಗ ಬೇರೆಲ್ಲೂ ಹೇಳಲಾಗದ ದುಃಖ ಮಾತಾಗಿ ಹೊರಬರುತ್ತದೆ. ವಾರಗಳು ಕಳೆದರೂ ನಿದ್ದೆ ಮಾಡದವರು, ಮಳೆಯ ಸದ್ದಿಗೆ ಬೆಚ್ಚುವವರು, ಸಾಲದ ಮಾತನ್ನೇ ಆಡುತ್ತ ಸಾಯುವ ಮಾತೆತ್ತುವವರು ಕಂಡರೆ ಅವರನ್ನು ಒಂಟಿಯಾಗಿ ಬಿಡದೆ, ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಪಕ್ಕದಲ್ಲಿ ಕುಳಿತು ಕರೆ ಮಾಡಿಸಬೇಕು. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಕೊನೆಯ ಮನೆಯ ಕೆಲಸ ಮುಗಿದ ದಿನ ನೋಟ್‌ಬುಕ್ಕನ್ನು ಎಲ್ಲರ ಮುಂದೆ ಓದಿ, ಯಾರ ಮುಯ್ಯಿ ಯಾರಿಗೆ ಬಾಕಿ ಇದೆ, ಅದನ್ನು ಸುಗ್ಗಿಯಲ್ಲಿ ಹೇಗೆ ತೀರಿಸುವುದು ಎಂದು ಗೊತ್ತುಮಾಡಿಕೊಳ್ಳಬೇಕು. ಮೊದಲು ಕೈಗೆತ್ತಿಕೊಂಡ ಮನೆಗಳ ಬಾಕಿಯನ್ನು ಅಲ್ಲಿಯೇ ಹೊಡೆದು ಹಾಕಬೇಕು. ಮಳೆಗೆ ತೊಳೆದುಹೋಗುವ ಮುನ್ನ, ನೀರು ನಿಂತ ಎತ್ತರವನ್ನು ಗುಡಿಯ ಕಂಬದ ಮೇಲೆ, ಶಾಲೆಯ ಗೋಡೆಯ ಮೇಲೆ ಬಣ್ಣದ ಗೆರೆ ಎಳೆದು ತಾರೀಖಿನ ಸಮೇತ ಬರೆಯಿಸಬೇಕು. ಹೊಸ ಗೋಡೆಗೆ ಬುನಾದಿ ಹಾಕುವವರು ದಾರ ಹಿಡಿದು ಅಳೆಯಬೇಕಾದದ್ದು ಆ ಗೆರೆಯಿಂದಲೇ.