ಮೂರು ಸೂರ್ಯರ ಯುದ್ಧದ ಬೆನ್ನು ಹತ್ತಿ

ಮಾರ್ಟಿಮರ್ಸ್ ಕ್ರಾಸ್ ಯುದ್ಧದ ಬಗ್ಗೆ ಬರೆಯೋಣ ಅಂತ ಕೂತಾಗ ಒಂದು ವಾರದ ಕೆಲಸ ಅಂದುಕೊಂಡಿದ್ದೆ. ಎಂಟು ತಿಂಗಳು ತಿಂದಿತು.

ಖಚಿತವಾಗಿ ಗೊತ್ತಿರುವುದು ತುಂಬಾ ಕಡಿಮೆ. 1461ರ ಫೆಬ್ರವರಿ ಮೊದಲ ವಾರ, ಇಂಗ್ಲೆಂಡಿನ ಹೆರೆಫರ್ಡ್‌ಶೈರ್, ಲಗ್ ನದಿಯ ದಂಡೆ. ಸಿಂಹಾಸನಕ್ಕಾಗಿ ಎರಡು ಮನೆತನಗಳ ಜಗಳ. ಒಂದು ಕಡೆ ಯಾರ್ಕ್ ಮನೆತನದ ಎಡ್ವರ್ಡ್. ವಯಸ್ಸು 18, ಅಪ್ಪ ಇದಕ್ಕೆ ಮುಂಚಿನ ಯುದ್ಧದಲ್ಲಿ ವೇಕ್‌ಫೀಲ್ಡ್‌ನಲ್ಲಿ ಸತ್ತು ತಿಂಗಳ ಮೇಲೆ ಮೂರ್ನಾಲ್ಕು ದಿನ ಆಗಿತ್ತಷ್ಟೆ. ಎದುರಿಗೆ ಲ್ಯಾಂಕಾಸ್ಟರ್ ಮನೆತನದ ಪರವಾಗಿ ವೇಲ್ಸ್ ಕಡೆಯಿಂದ ಬಂದ ಜಾಸ್ಪರ್ ಟ್ಯೂಡರ್. ಎಡ್ವರ್ಡ್ ಗೆದ್ದ, ಮಾರ್ಚ್ 4ಕ್ಕೆ ರಾಜನೂ ಆದ. ಆದರೆ ಯುದ್ಧ ಹೇಗೆ ನಡೆಯಿತು? ಆ ಕಾಲದವರು ಬರೆದಿಟ್ಟದ್ದು ಕೆಲವೇ ಸಾಲು. 2ನೇ ತಾರೀಖೋ 3ನೇ ತಾರೀಖೋ ಅನ್ನುವುದರಲ್ಲೇ ಒಮ್ಮತ ಇಲ್ಲ.

ನನ್ನ ಮೊದಲ ತಪ್ಪು ನಕ್ಷೆ. ಈಗಿನವರು ಬಾಣದ ಗುರುತು ಹಾಕಿ ಬರೆದ ಚಂದದ ನಕ್ಷೆಗಳನ್ನು ನೋಡಿ ನಾನೂ ಒಂದು ಬರೆದೆ. ಆಮೇಲೆ ಒಂದೊಂದೇ ಬಾಣವನ್ನು ಹಿಡಿದು, ನಿನ್ನನ್ನು ಕಂಡವರು ಯಾರಪ್ಪಾ ಅಂತ ಕೇಳುತ್ತಾ ಹೋದೆ. ಎಲ್ಲವೂ ಬಹಳ ತಡವಾಗಿ ಬಂದ ಊಹೆ. ಅಳಿಸಿದೆ.

ಕಿಂಗ್ಸ್‌ಲ್ಯಾಂಡ್‌ನಲ್ಲಿ 1799ರಲ್ಲಿ ನಿಲ್ಲಿಸಿದ, ಈ ಯುದ್ಧದ ಸ್ಮಾರಕದ ಕಲ್ಲಿದೆ. ಅದರಲ್ಲಿ ಯುದ್ಧದ ವರ್ಷ 1460 ಅಂತ ಇದೆ. ಕೆತ್ತಿದವನೇ ಎಡವಿದ್ದಾನೆ ಅಂತ ಖುಷಿಯಾಗಿ ಬರೆದೂಬಿಟ್ಟಿದ್ದೆ! ಎಡವಿದ್ದು ನಾನು. ಆಗಿನ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹಾಗಾಗಿ ಫೆಬ್ರವರಿ ಇನ್ನೂ ಹಳೇ ವರ್ಷವೇ. ಶಾಸನದ ಶಕವರ್ಷಕ್ಕೆ 78 ಕೂಡಿಸಿ ಓದಿ ಬೆಳೆದವನಿಗೆ ಇದು ಹೊಳೆಯಬೇಕಿತ್ತು, ಅಲ್ವಾ? ಹಾಗಂತ ಕಲ್ಲು ಹೇಳಿದ್ದೆಲ್ಲ ನಿಜವಲ್ಲ. 'ಎಡ್ವರ್ಡ್ ಮಾರ್ಟಿಮರ್' ಅಂತ ಕೆತ್ತಿದ್ದಾರೆ, ಮಾರ್ಟಿಮರ್ ಅವನ ಅಜ್ಜಿಯ ತವರಿನ ಹೆಸರು. ಸತ್ತವರು 4000 ಅನ್ನುತ್ತದೆ, ಅದೂ 338 ವರ್ಷ ಆದಮೇಲೆ. ನಾನು 'ಕಲ್ಲಿನ ಪ್ರಕಾರ' ಅಂತಲೇ ಬರೆದೆ.

ಅವತ್ತು ಬೆಳಿಗ್ಗೆ ಹತ್ತರ ಹೊತ್ತಿಗೆ ಆಕಾಶದಲ್ಲಿ ಮೂರು ಸೂರ್ಯ ಕಂಡರಂತೆ. ಕಟ್ಟುಕಥೆ ಅನ್ನಬೇಕಿಲ್ಲ. ಮೇಲಿನ ಮೋಡದ ಹಿಮದ ಹರಳುಗಳಲ್ಲಿ ಬೆಳಕು ಬಾಗಿದರೆ ಸೂರ್ಯನ ಎಡಬಲಕ್ಕೆ ಸುಮಾರು 22 ಡಿಗ್ರಿ ದೂರದಲ್ಲಿ ಎರಡು ಹೊಳಪು ಕಾಣುತ್ತವೆ. ಆಗಿನ ಹಳೇ ಕ್ಯಾಲೆಂಡರ್ ಈಗಿನದಕ್ಕಿಂತ 9 ದಿನ ಹಿಂದಿತ್ತು. ಫೆಬ್ರವರಿ 2ಕ್ಕೆ ಅಷ್ಟು ಸೇರಿಸಿ, ಫೆಬ್ರವರಿ 11ಕ್ಕೆ, ಸರಿಯಾಗಿ ಹತ್ತು ಗಂಟೆಗೆ ಅಲ್ಲಿ ಹೋಗಿ ನಿಂತೆ. ಸೂರ್ಯ ಯಾವ ದಿಕ್ಕಿಗೆ, ಎಷ್ಟು ಎತ್ತರಕ್ಕೆ ಇರುತ್ತಾನೆ ನೋಡಿದರೆ ಎಡ್ವರ್ಡನ ಸೈನ್ಯ ಯಾವ ಕಡೆಗೆ ಮುಖ ಮಾಡಿತ್ತು ಅಂತ ಸಾಧಿಸಬಹುದು ಅನ್ನೋ ಆಸೆ. ಮೋಡ ಮುಚ್ಚಿತ್ತು, ಒಂದು ಸೂರ್ಯನೂ ಇರಲಿಲ್ಲ. ಇದ್ದಿದ್ದರೂ ಏನು, ಸೈನಿಕರಿಗೆ ಕತ್ತು ತಿರುಗಿಸೋಕೆ ಬರುತ್ತಿರಲಿಲ್ವಾ? ಆ ವಾದವೂ ಹೋಯಿತು. ಸುಮ್ನೆ ನದಿ ಕಡೆ ನಡೆದೆ. ಗದ್ದೆಯಲ್ಲಿ ಶೂ ಹೂತುಹೋಗಿ, ಕಾಲು ಮಾತ್ರ ಮೇಲೆ ಬಂತು. ಚಳಿಗಾಲದಲ್ಲಿ ಸೈನ್ಯ ರಸ್ತೆ ಬಿಟ್ಟು ಜಾಸ್ತಿ ದೂರ ಹೋಗಿರಲಾರದು ಅಂತ ಅನ್ನಿಸಿದ್ದು ಅಲ್ಲೇ.

ಕೊನೆಗೆ ನನ್ನ ಬರಹದ ಅರ್ಧ ಭಾಗ ಹೋದದ್ದು ಯುದ್ಧಕ್ಕಲ್ಲ, ಆಮೇಲೆ ಹೆರೆಫರ್ಡ್ ಸಂತೆಯಲ್ಲಿ ನಡೆದದ್ದಕ್ಕೆ. ಹಳೇ ಲಂಡನ್ ವೃತ್ತಾಂತದಲ್ಲಿ ಅದರ ವಿವರ ಇದೆ. ಜಾಸ್ಪರನ ಅಪ್ಪ ಓವೆನ್ ಟ್ಯೂಡರ್ ಸೆರೆ ಸಿಕ್ಕಿದ್ದ. ಅವನು ತನ್ನ ಕೆಂಪು ಅಂಗಿಯ ಕಾಲರ್ ಹರಿಯುವ ತನಕ ತಲೆ ಹೋಗುತ್ತದೆ ಅಂತ ನಂಬಲಿಲ್ಲವಂತೆ. ಆಮೇಲೆ, ಕ್ಯಾಥರೀನ್ ರಾಣಿಯ (ತೀರಿಹೋದ ಅವನ ಹೆಂಡತಿ) ಮಡಿಲಲ್ಲಿ ಇರುತ್ತಿದ್ದ ತಲೆ ಇನ್ನು ಈ ಕೊರಡಿನ ಮೇಲೆ ಅಂದನಂತೆ. ಕಡಿದ ತಲೆಯನ್ನು ಸಂತೆಕಟ್ಟೆಯ ಮೇಲಿಟ್ಟರು. ಯಾರೋ ಒಬ್ಬ ಹುಚ್ಚು ಹೆಂಗಸು ಬಂದು ಅದರ ಕೂದಲು ಬಾಚಿ, ಮುಖದ ರಕ್ತ ತೊಳೆದು, ಸುತ್ತ ನೂರಕ್ಕೂ ಜಾಸ್ತಿ ಮೇಣದಬತ್ತಿ ಹಚ್ಚಿಟ್ಟಳು.