ಮೀನಿಗೆ ಸೊಳ್ಳೆಪರದೆ ಕಟ್ಟಿದ್ದು: ಒಣಮೀನಲ್ಲಿ ನನ್ನ ಅನುಭವ

ಮೀನು ಒಣಗಿಸೋಕೆ ಅಟ್ಟ ಕಟ್ಟಿದ್ದಕ್ಕೆ ನಗಾಡಿದೋರೆಲ್ಲ ಈ ವರ್ಷ ನನ್ನ ಹತ್ರಾನೇ ಬಂದು "ಎಷ್ಟು ಖರ್ಚಾಯ್ತೆ?" ಅಂತ ಕೇಳೋಕೆ ಶುರು ಮಾಡಿದ್ರು, ಅದಕ್ಕೇ ಬರೀತಾ ಇದೀನಿ. ಗೋಕರ್ಣದ ಹತ್ರ ತದಡಿ ಕಡೆ ನಮ್ಮನೇಲಿ ಅತ್ತೆಯ ಅತ್ತೆ ಕಾಲದಿಂದ ಒಣಮೀನು ಮಾಡೋದೇ, ಎಲ್ಲರ ಹಾಗೆ ಮರಳಲ್ಲಿ ಹರವಿ, ಕಾಗೆ ಓಡಿಸ್ಕೊಂಡು. ನಾನು ಮೀನನ್ನ ಮೂರಡಿ ಮೇಲಕ್ಕೆ ಏರಿಸಿ ಸುತ್ತ ಪರದೆ ಕಟ್ತೀನಿ ಅಂದಾಗ ಅತ್ತೆ "ಮಂಚ ಆಯ್ತು, ಸೊಳ್ಳೆಪರದೆ ಆಯ್ತು, ದಿಂಬು ಯಾವಾಗ ತರ್ತೀಯಾ?" ಅಂದ್ರು. ಕೇರಿ ಹೆಂಗಸ್ರಿಗೆ ತಿಂಗಳು ಪೂರ್ತಿ ಇದೇ ಮಾತು.

ಅಡಿಕೆ ದಬ್ಬೆ, ಹಳೆ ಬಲೆ, ಪರದೆ, ಕೂಲಿ ಎಲ್ಲ ಸೇರಿ 14-15 ಸಾವಿರ ಹೋಯ್ತು. ಹೋಗಿದ್ದು ಅಷ್ಟೇ ಆಗಿದ್ರೆ ಸಾಕಿತ್ತು. ಮೊದಲ ವರ್ಷ ಬೇಗ ಒಣಗ್ಲಿ ಅಂತ ಮೇಲೆ ಪ್ಲಾಸ್ಟಿಕ್ ಶೀಟ್ ಹೊದೆಸಿದೆ, ಮಧ್ಯಾಹ್ನ ಒಳಗೆ ಕೈ ಇಟ್ರೆ ಒಲೆ ಹತ್ರ ಇಟ್ಟ ಹಾಗೆ. ಬಂಗಡೆ ಒಣಗ್ಲಿಲ್ಲ, ಬೆಂದೋಯ್ತು! ಮೇಲೆ ಚಕ್ಕೆ ಹಾಗೆ ಗಟ್ಟಿ, ಮುರಿದ್ರೆ ಒಳಗೆ ಮೆತ್ತಗೆ, ವಾರ ಕಳೆಯೋದ್ರೊಳಗೆ ವಾಸನೆ. ಆ ವರ್ಷ 22 ಸಾವಿರ ಮುಳುಗ್ತು, ಅದರಲ್ಲಿ ಸ್ವಸಹಾಯ ಸಂಘದ ಸಾಲವೂ ಇತ್ತು.

ಎರಡನೇ ವರ್ಷ ಉಪ್ಪು ಕೈ ಕೊಡ್ತು, ಅಂದ್ರೆ ತಪ್ಪು ನಂದೇ. ಇಲ್ಲೇ ಹತ್ರದ ಸಾಣೀಕಟ್ಟಾ ಆಗರದ ಉಪ್ಪೇ ಹಾಕೋದು, ನಾಲ್ಕು ಪಾಲು ಮೀನಿಗೆ ಒಂದು ಪಾಲು. ದುಡ್ಡು ಉಳಿಸೋಕೆ ಒಂದು ಸಲ ಮೀನಿಗೆ ಹಾಕಿ ಉಳಿದ ಉಪ್ಪನ್ನೇ ಮತ್ತೆ ಹಾಕಿದೆ. ಮಳೆಗಾಲದ ಹೊತ್ತಿಗೆ ಮೀನಿನ ಮೇಲೆಲ್ಲ ಕೆಂಪು ಲೋಳೆ, ಕುಂಕುಮ ಚೆಲ್ಲಿದ ಹಾಗೆ. 25 ಕೆಜಿ ಉಪ್ಪಿಗೆ ಎಷ್ಟಾಗತ್ತೆ ಹೇಳಿ, ಅದನ್ನ ಉಳಿಸೋಕೆ ಹೋಗಿ 40 ಕೆಜಿ ಒಣಮೀನು ತೆಂಗಿನ ಬುಡಕ್ಕೆ ಸುರಿದೆ. ಈಗ ಹೊಸ ಉಪ್ಪೇ, ಅದನ್ನೂ ಮೊದಲು ದೊಡ್ಡ ಬಾಣಲೆಯಲ್ಲಿ ಹುರಿದು ಹಾಕೋದು.

ಒಳಗಿನ ಪಸೆ ಹೋಗೋಕೆ ದಾರಿ ಸಿಕ್ಕಿದ್ದು ಅತ್ತೆಯಿಂದ್ಲೇ, ಅದನ್ನ ಒಪ್ಕೋಬೇಕು. ಒಂದು ದಿನ ಬಿಸಿಲಾದ ಮೇಲೆ ರಾತ್ರಿ ಮೀನನ್ನ ಒಟ್ಟಿ, ಮೇಲೆ ಹಲಗೆ ಇಟ್ಟು ಕಲ್ಲು ಹೇರೋದು, ಬೆಳಿಗ್ಗೆ ನೋಡಿದ್ರೆ ಒಳಗಿದ್ದ ನೀರು ಮೇಲೆ ಬಂದಿರತ್ತೆ, ಮತ್ತೆ ಬಲೆ ಮೇಲೆ. ಹೀಗೆ ಮೂರ್ನಾಲ್ಕು ದಿನ. ಒಣಗೋಕೆ ಬಲೆ ಮೇಲೆ ಹಾಕೋ ಮುಂಚೆ ಒಂದು ನೀರಲ್ಲಿ ಅದ್ದಿ ತೆಗೀತೀನಿ, ನೊಣ ಹತ್ರ ಸುಳಿಯಲ್ಲ. ಅದು ಏನು ನೀರು ಅಂತ ಮಾತ್ರ ಕೇಳ್ಬೇಡಿ, ನನ್ನ ತಂಗಿಗೂ ಹೇಳಿಲ್ಲ.

ಮರಳಲ್ಲಿ ಒಣಗಿದ್ದಕ್ಕೇ ರುಚಿ ಅನ್ನೋ ವಾದಕ್ಕೆ ಒಂದಿನ ಎರಡೂ ಥರದ್ದನ್ನ ಕೆಂಡದ ಮೇಲೆ ಸುಟ್ಟು, ತೆಂಗಿನೆಣ್ಣೆ ಸವರಿ, ಯಾವುದು ಯಾವ್ದು ಅಂತ ಹೇಳದೆ ಗಂಜಿ ಜೊತೆ ಅತ್ತೆ ಮುಂದಿಟ್ಟೆ. ಹಲ್ಲಿಗೆ ಮರಳು ಸಿಕ್ಕಿದ್ದನ್ನ ಬದಿಗಿಟ್ಟು ನಂದನ್ನೇ ಮುಳ್ಳು ಬಿಡದೆ ಚೀಪಿದ್ರು. ಬಾಯ್ಬಿಟ್ಟು ಏನೂ ಹೇಳ್ಲಿಲ್ಲ ಬಿಡಿ.

ಇನ್ನು ಮಾರಾಟ. ಜೂನ್ 1ರಿಂದ ಜುಲೈ 31ರವರೆಗೆ ಬೋಟಲ್ಲಿ ಮೀನು ಹಿಡಿಯೋದಕ್ಕೆ ಸರ್ಕಾರದ ನಿಷೇಧ, ಅದಕ್ಕೇ ಮೇ ತಿಂಗಳಲ್ಲಿ ಘಟ್ಟದ ಮೇಲಿನವರು ಒಣಮೀನಿಗೆ ಇಳಿದು ಬರ್ತಾರೆ, ನೂರು ಮೀನಿಗೆ ಇಷ್ಟು ಅನ್ನೋ ಲೆಕ್ಕದಲ್ಲಿ ಚೌಕಾಸಿ ಮಾಡ್ತಾರೆ, ಕೆಜಿಗೆ ಹಾಕಿದ್ರೆ 300 ದಾಟೋದು ಕಷ್ಟ. ನಾನು ತಲೆ, ಹೊಟ್ಟೆ ತೆಗೆದು ಅರ್ಧ ಕೆಜಿ ಪ್ಯಾಕ್ ಮಾಡಿ ಬೆಂಗಳೂರು, ಹುಬ್ಬಳ್ಳಿಯಲ್ಲಿರೋ ನಮ್ಮೂರೋರಿಗೆ ಕಳಿಸ್ತೀನಿ. ಇಲ್ಲೂ ಪೆಟ್ಟು ತಿಂದೆ. ವ್ಯಾಕ್ಯೂಮ್ ಮಾಡಿದ್ರೆ ಮುಳ್ಳು ಕವರ್ ಚುಚ್ಚಿ ಗಾಳಿ ಹೊಕ್ತಿತ್ತು, ಬಿಸಿಲಿಂದ ತಂದ ಬಿಸಿಯಲ್ಲೇ ಪ್ಯಾಕ್ ಮಾಡಿದ್ದು ಒಳಗೇ ಬೆವರ್ತು, ಒಂದು ಕೊರಿಯರ್‌ನವರು ವಾಸನೆ ಅಂತ ಎಂಟು ಪಾರ್ಸೆಲ್ ವಾಪಸ್ ಕಳಿಸಿದ್ರು. ಈಗ ರೆಕ್ಕೆ, ಬಾಲ ಕತ್ತರಿಸಿ, ರಾತ್ರಿ ಆರಿಸಿ, ಎರಡು ಕವರ್. ಕೆಜಿಗೆ 480.

100 ಕೆಜಿ ಹಸಿ ಬಂಗಡೆ ಒಣಗಿದ್ರೆ 37-38 ಕೆಜಿ. ರಾಶಿ ಬಿದ್ದು ರೇಟ್ 90ಕ್ಕೆ ಇಳಿದ ದಿನ ಮಾತ್ರ ತಗೋತೀನಿ. ಉಪ್ಪು, ಕೊಯ್ಯೋ ಕೂಲಿ, ಕವರ್, ಕೊರಿಯರ್ ಎಲ್ಲ ಕಳೆದು ನೂರು ಕೆಜಿಗೆ ಐದು ಸಾವಿರ ಕೈಗೆ. ಈ ವರ್ಷ ಎಂಟು ಸಲ ಹಾಕಿದೆ, ನೀವೇ ಲೆಕ್ಕ ಹಾಕಿ. ಸಂಘದ ಸಾಲ ತೀರಿದೆ.

ಸಣ್ಣ ಶೆಟ್ಲಿ (ಸಿಗಡಿ) ಒಣಗಿಸಿ ಹುರಿದು ಚಟ್ನಿಪುಡಿಯನ್ನೂ ಮಾಡಿದೆ, ಹೋಗತ್ತೆ, ಆದ್ರೆ ಆರಿಸೋಕೆ ಕೂತ್ರೆ ಸೊಂಟ ಬಿದ್ದೋಗತ್ತೆ. ಇನ್ನೊಂದು ಹುಚ್ಚು ಅಂದ್ರೆ ಕೊಲಂಬೋ ಮೀನು. ಹಿಂದೆ ನಮ್ಮ ಕರಾವಳಿಯಿಂದ ಬಂಗಡೆಯನ್ನ ಉಪ್ಪು, ಹುಳಿ ಹಾಕಿ ಮರದ ಪೀಪಾಯಿಯಲ್ಲಿ ತುಂಬಿ ಸಿಲೋನಿಗೆ ಕಳಿಸ್ತಿದ್ರಲ್ಲ, ಅದೇ. ಹುಳಿಗೆ ಅಂತ ಉಪ್ಪಾಗೆ ಅನ್ನೋ ಕಾಡುಹಣ್ಣಿನ ಸಿಪ್ಪೆ ಶಿರಸಿ ಕಡೆಯಿಂದ ತರ್ಸಿ ಒಂದು ಭರಣಿ ಹಾಕಿದ್ದೆ, ತೆಗೆದಾಗ ಮೀನು ಗಟ್ಟಿಯಾಗೇ ಇತ್ತು, ಹುಳಿ ಮಾತ್ರ ಕಿವಿವರೆಗೆ ಏರ್ತು. ಎರಡನೇ ಭರಣಿಗೆ ಹುಳಿ ಅರ್ಧ ಮಾಡಿದೀನಿ. ಅತ್ತೆ ದಿನಾ ಒಂದ್ಸಲ ಮುಚ್ಚಳ ಎತ್ತಿ ಮೂಸಿ ನೋಡ್ತಾರೆ, ಬೇಡ ಅಂದ್ರೂ ಕೇಳಲ್ಲ.