ಹಳ್ಳದ ಬದಿಯಲ್ಲಿ ನಾಲ್ಕು ಮಳೆಗಾಲ: ಉಭಯವಾಸಿಗಳನ್ನು ನಾನು ಅರಿತ ಬಗೆ

ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವ ನಾನು ಉಭಯವಾಸಿಗಳ ಲಕ್ಷಣಗಳನ್ನು ಹಲವು ವರ್ಷ ಒಂದೇ ಕ್ರಮದಲ್ಲಿ ಬರೆಸಿದ್ದೇನೆ: ನೀರಿನಲ್ಲಿ ಮೊಟ್ಟೆ, ಕಿವಿರಿನಿಂದ ಉಸಿರಾಡುವ ಗೊದಮೊಟ್ಟೆ, ಶ್ವಾಸಕೋಶವಿರುವ ಪ್ರೌಢ ಜೀವಿ, ಮೂರು ಕೋಣೆಗಳ ಹೃದಯ, ಹುರುಪೆಯಿಲ್ಲದ ಒದ್ದೆ ಚರ್ಮ. ಸಿದ್ದಾಪುರ ತಾಲ್ಲೂಕಿನ ನಮ್ಮ ಅಡಿಕೆ ತೋಟದ ಕೆಳಗಿನ ಹಳ್ಳದಲ್ಲಿ ನಾಲ್ಕು ಮಳೆಗಾಲ ಕಪ್ಪೆಗಳನ್ನು ಎಣಿಸಿದ ಮೇಲೆ, ಪಟ್ಟಿಯ ಕೊನೆಯಲ್ಲಿದ್ದ ಚರ್ಮವನ್ನು ಮೊದಲಿಗೆ ತಂದೆ.

ಕ್ರಮ ಸರಳವಾದದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ, ಸಂಜೆ 7ರಿಂದ 8.30ರವರೆಗೆ, ಹಳ್ಳದ ಅದೇ 100 ಮೀಟರ್ ಉದ್ದವನ್ನು ನಿಧಾನವಾಗಿ ನಡೆಯುತ್ತೇನೆ. ಮೊದಲ ಹತ್ತು ನಿಮಿಷ ಬ್ಯಾಟರಿ ಆರಿಸಿ ಕೂಗನ್ನಷ್ಟೇ ಕೇಳಿ, ಬಳಿಕ ಕಪ್ಪೆ ಕುಳಿತ ಜಾಗ, ನೆಲದಿಂದ ಎತ್ತರ, ಮಳೆ, ಉಷ್ಣತೆ ಇವನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ.

ಮೊದಲ ವರ್ಷವೇ ಒಂದು ತಪ್ಪು ಮಾಡಿದೆ. ಇಂಬಳ (ಜಿಗಣೆ) ಹತ್ತದಿರಲೆಂದು ಕಾಲಿಗೆ ಹೊಗೆಸೊಪ್ಪು, ಸುಣ್ಣ ಸವರಿಕೊಂಡಿದ್ದ ಕೈಯಲ್ಲಿಯೇ ಒಂದು ಕಪ್ಪೆಯನ್ನು ಹಿಡಿದೆ. ಕ್ಷಣದಲ್ಲಿ ಅದು ಹಿಂಗಾಲು ಚಾಚಿ ನಿಸ್ತೇಜವಾಯಿತು. ಹಳ್ಳದ ನೀರಿನಲ್ಲಿ ಮತ್ತೆ ಮತ್ತೆ ತೊಳೆದು ಪಾಚಿಯ ಮೇಲಿಟ್ಟು ಕಾದೆ. ಅರ್ಧ ಗಂಟೆಯ ನಂತರ ಅದು ತೆವಳಿ ಹೋಯಿತು. ಉಸಿರಾಟಕ್ಕೂ ನೀರು ಹೀರುವುದಕ್ಕೂ ಒದಗುವ ಚರ್ಮ ವಿಷವನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದು ನನಗೆ ಪಾಠದಿಂದ ಗೊತ್ತಿತ್ತು, ಆದರೆ ಆ ಅರ್ಧ ಗಂಟೆಯಲ್ಲಿ ಅರ್ಥವಾಯಿತು. ಅಂದಿನಿಂದ ನಾನು ಕಪ್ಪೆಯನ್ನು ಮುಟ್ಟುವುದಿಲ್ಲ.

‘ನೀರಿನಲ್ಲಿ ಮೊಟ್ಟೆ’ ಎಂಬ ಮಾತೂ ಬಹುಕಾಲ ನಿಲ್ಲಲಿಲ್ಲ. ನಮ್ಮ ತೋಟದ ಹೊಂಡದ ಮೇಲೆ ಬಾಗಿದ ಕೊಂಬೆಯಲ್ಲಿ ಮಲಬಾರ್ ಹಾರುವ ಕಪ್ಪೆ ನೊರೆಯ ಗೂಡು ಕಟ್ಟಿ ಅದರೊಳಗೆ ಮೊಟ್ಟೆಯಿಡುತ್ತದೆ. ಮರಿಗಳು ಅಲ್ಲಿಂದ ನೀರಿಗೆ ಬೀಳುತ್ತವೆ. ಪೊದೆಗಪ್ಪೆಗಳಿಗೆ ಹೊಂಡವೂ ಬೇಡ: ಅವುಗಳ ಗೊದಮೊಟ್ಟೆಯ ಹಂತ ಮೊಟ್ಟೆಯೊಳಗೇ ಮುಗಿದು, ನಾಲ್ಕು ಕಾಲಿನ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಎರಡಕ್ಕೂ ಸಮಾನವಾದದ್ದು ತೇವ. ಚಿಪ್ಪಿಲ್ಲದ ಮೊಟ್ಟೆ ಒಣಗಬಾರದು, ಅಷ್ಟೇ.

ಇದನ್ನು ಅತಿ ಹತ್ತಿರದಿಂದ ತೋರಿಸಿದ್ದು ಕುಂಬಾರ ಕಪ್ಪೆ. ಕಪ್ಪೆ ತಜ್ಞ ಕೆ.ವಿ. ಗುರುರಾಜ ಮತ್ತು ಸಂಗಡಿಗರು ನಮ್ಮದೇ ತಾಲ್ಲೂಕಿನ ಕತ್ತಲೆಕಾನು ಕಾಡಿನ ಕಪ್ಪೆಗಳನ್ನು ಅಧ್ಯಯನ ಮಾಡಿ 2014ರಲ್ಲಿ ಇದನ್ನು ಹೊಸ ಪ್ರಭೇದವೆಂದು ವಿವರಿಸಿದರು. ಮೂರನೆಯ ಮಳೆಗಾಲದ ಒಂದು ರಾತ್ರಿ, ಮಡಕೆಗೆ ಬೆರಳಿನಿಂದ ತಟ್ಟಿದಂತಹ ‘ಟಕ್, ಟಕ್’ ಕೂಗನ್ನು ಅನುಸರಿಸಿ ಹೋಗಿ, ಬ್ಯಾಟರಿಗೆ ಕೆಂಪು ಕಾಗದ ಸುತ್ತಿ ಕಲ್ಲಿನ ಮರೆಯಲ್ಲಿ ಕುಳಿತೆ. ಹೆಣ್ಣು ಮುಂಗಾಲುಗಳ ಮೇಲೆ ತಲೆಕೆಳಗಾಗಿ ನಿಂತು, ನೀರಿನಿಂದ ಮೇಲಿದ್ದ ಬೇರಿಗೆ ಮೊಟ್ಟೆಗಳನ್ನು ಅಂಟಿಸಿ ಹೊರಟುಹೋಯಿತು. ಗಂಡು ಉಳಿಯಿತು. ಹಳ್ಳದ ತಳದಿಂದ ಮುಂಗಾಲುಗಳಲ್ಲಿ ಕೆಸರನ್ನು ತೆಗೆದುಕೊಂಡು, ಹಿಂಗಾಲುಗಳ ಮೇಲೆ ಎದ್ದು ನಿಂತು, ಮೊಟ್ಟೆಗಳ ಮೇಲೆ ಮೆತ್ತಿ, ಮತ್ತೆ ಬಗ್ಗಿ ಮತ್ತೆ ಮೆತ್ತಿ, ಬಿಳಿಯ ಚುಕ್ಕೆಗಳೆಲ್ಲ ಕೆಸರಿನೊಳಗೆ ಮರೆಯಾಗುವ ತನಕ ಅದು ಬಿಡಲಿಲ್ಲ. ಹೆಬ್ಬೆರಳಿನಷ್ಟು ದೊಡ್ಡ ಜೀವಿಯ ಆ ಶ್ರದ್ಧೆಯನ್ನು ನಾನು ಮರೆಯಲಾರೆ.

ಅಡಿಕೆ ಮರಗಳ ಬುಡ ಬಿಡಿಸುವಾಗ ಮಣ್ಣಿನಲ್ಲಿ ಸಿಗುವ ಕಾಲಿಲ್ಲದ ಸಿಸಿಲಿಯನ್ ಕೂಡ ಉಭಯವಾಸಿಯೇ. ಮೈಮೇಲೆ ಉಂಗುರಗಳಿದ್ದು, ಹಾವಿನಂತೆ ಹುರುಪೆ ಕಾಣದೆ, ಚರ್ಮ ಒದ್ದೆಯಾಗಿ ಹೊಳೆದರೆ ಅದು ಹಾವಲ್ಲ. ಕೆಲಸದವರಿಗೆ ಇದನ್ನು ತೋರಿಸಿಕೊಟ್ಟ ಮೇಲೆ ನಮ್ಮಲ್ಲಿ ಅದನ್ನು ಹೊಡೆದು ಸಾಯಿಸುವುದು ನಿಂತಿದೆ.

ತೋಟಿಗನಾಗಿ ಒಂದು ಬದಲಾವಣೆಯನ್ನೂ ಮಾಡಿಕೊಂಡೆ. ಅಡಿಕೆಯ ಕೊಳೆರೋಗಕ್ಕೆ ತಾಮ್ರವಿರುವ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವನ್ನು ಹೊಡೆಯುವ ಕಾಲವೇ ಕಪ್ಪೆಗಳು ಮರಿಮಾಡುವ ಕಾಲ, ಮತ್ತು ತಾಮ್ರ ಗೊದಮೊಟ್ಟೆಗಳಿಗೆ ವಿಷ. ಔಷಧಿ ಬಿಡುವಂತಿಲ್ಲ, ಬಿಟ್ಟರೆ ಫಸಲು ಉದುರುತ್ತದೆ. ಆದ್ದರಿಂದ ದ್ರಾವಣ ಕಲಸುವ ಡ್ರಮ್ಮನ್ನು ಹಳ್ಳದ ಬದಿಯಿಂದ ಮನೆಯಂಗಳಕ್ಕೆ ಒಯ್ದೆವು, ಡ್ರಮ್ಮು ಪಂಪುಗಳನ್ನು ಹಳ್ಳದಲ್ಲಿ ತೊಳೆಯುವುದನ್ನು ನಿಲ್ಲಿಸಿದೆವು, ಹೊಂಡದ ಸುತ್ತಲಿನ ಮರಗಳಿಗೆ ಹೊಡೆಯುವ ದಿನ ನೀರಿನ ಮೇಲೆ ಟಾರ್ಪಾಲು ಕಟ್ಟುತ್ತೇವೆ. ಕಳೆದ ಆಗಸ್ಟ್‌ನಲ್ಲಿ ಎರಡನೆಯ ಸಲ ಔಷಧಿ ಹೊಡೆದ ಮರುದಿನ ಟಾರ್ಪಾಲು ಸರಿಸಿದಾಗ ಗೊದಮೊಟ್ಟೆಗಳು ಅಂಚಿನ ಕಲ್ಲುಗಳಿಗೆ ಮುತ್ತಿ ಪಾಚಿ ಕೆರೆಯುತ್ತಿದ್ದವು.